ಮೂವರಲ್ಲಿ ಇಬ್ಬರ ಪಕ್ಷ: ದಹೋಮಿ ಏಕತಾ ಪಕ್ಷದ ಏಳುಬೀಳು, 1960–1963

ಇಂದು ಬೆನಿನ್ ಎಂದು ಕರೆಯಲಾಗುವ ಪಶ್ಚಿಮ ಆಫ್ರಿಕಾದ ದೇಶಕ್ಕೆ 1975ರವರೆಗೆ ದಹೋಮಿ ಎಂಬ ಹೆಸರಿತ್ತು. ಫ್ರೆಂಚರ ಆಳ್ವಿಕೆಯಿಂದ ಅದು 1960ರ ಆಗಸ್ಟ್ 1ರಂದು ಸ್ವತಂತ್ರವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿ ದಹೋಮಿ ಏಕತಾ ಪಕ್ಷ ಎಂಬ ಹೊಸ ಪಕ್ಷವೊಂದು ರೂಪುಗೊಂಡಿತು; ಡಿಸೆಂಬರ್ 11ರಂದು ನಡೆದ ಚುನಾವಣೆಯಲ್ಲಿ ಆ ಪಕ್ಷವು ರಾಷ್ಟ್ರೀಯ ಸಭೆಯ ಅರವತ್ತಕ್ಕೆ ಅರವತ್ತು ಸ್ಥಾನಗಳನ್ನೂ, ರಾಷ್ಟ್ರಾಧ್ಯಕ್ಷ ಮತ್ತು ಉಪಾಧ್ಯಕ್ಷ ಪದವಿಗಳೆರಡನ್ನೂ ತನ್ನದಾಗಿಸಿಕೊಂಡಿತು. 1963ರ ಅಕ್ಟೋಬರ್ 28ರಂದು ಸೇನೆ ಅಧಿಕಾರ ಹಿಡಿದಾಗ ಆ ಸಭೆಯೂ ಹೋಯಿತು, ಪಕ್ಷದ ಆಳ್ವಿಕೆಯೂ ಮುಗಿಯಿತು. ಹುಟ್ಟಿನಿಂದ ಪತನದವರೆಗೆ ಮೂರು ವರ್ಷವೂ ತುಂಬಿರಲಿಲ್ಲ.

ಸಭೆಯಲ್ಲಿ ಒಬ್ಬನೇ ಒಬ್ಬ ವಿರೋಧಿ ಸದಸ್ಯನಿಲ್ಲದ ಪಕ್ಷವೊಂದು ಕೆಲವೇ ದಿನಗಳ ಬೀದಿ ಪ್ರತಿಭಟನೆಗೆ ಹೇಗೆ ಕುಸಿಯಿತು ಎಂಬುದು ಈ ಅಧ್ಯಯನದ ಪ್ರಶ್ನೆ. ಬಡತನ, ಬುಡಕಟ್ಟು ಜಗಳ, ಸೈನಿಕರ ಮಹತ್ವಾಕಾಂಕ್ಷೆ ಎಂಬ ಸಿದ್ಧ ಉತ್ತರಗಳನ್ನು ಆಫ್ರಿಕಾದ ಯಾವ ಪತನಕ್ಕಾದರೂ ಹಚ್ಚುವ ರೂಢಿಯಿದೆ. ಅವುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ದಹೋಮಿಯ ಪ್ರಕರಣವನ್ನು ಹತ್ತಿರದಿಂದ ನೋಡಿದಷ್ಟೂ ನನಗೆ ಕಾಣುವುದು ಬೇರೊಂದು ಕಾರಣ. ಮೂರು ಬಲಗಳಿದ್ದ ದೇಶದಲ್ಲಿ ಇಬ್ಬರು ಕೂಡಿ ಮೂರನೆಯವನನ್ನು ಹೊರಗಿಡಲು ಮಾಡಿಕೊಂಡ ಒಪ್ಪಂದವೇ ಪಕ್ಷವೆಂಬ ಹೆಸರು ಪಡೆಯಿತು, ಮತ್ತು ಚುನಾವಣಾ ಕಾನೂನು ಆ ಒಪ್ಪಂದಕ್ಕೆ ಅದರ ನಿಜವಾದ ಬಲಕ್ಕಿಂತ ಎಷ್ಟೋ ಹೆಚ್ಚಿನ ಬಲವನ್ನು ತೋರಿಸಿಬಿಟ್ಟಿತು.

ಮೂರು ಊರು, ಮೂವರು ನಾಯಕರು

ದಹೋಮಿ ದಕ್ಷಿಣದ ಸಮುದ್ರದಿಂದ ಉತ್ತರದ ನೈಜರ್ ನದಿಯವರೆಗೆ ಉದ್ದಕ್ಕೆ ಚಾಚಿಕೊಂಡ ಕಿರಿದಾದ ದೇಶ. ಕರಾವಳಿಯ ಉದ್ದ ಸುಮಾರು 120 ಕಿಲೋಮೀಟರ್ ಮಾತ್ರ. ಅಲ್ಲಿಂದ ಉತ್ತರದ ಗಡಿಗೆ ಅದರ ಐದಾರು ಪಟ್ಟು ದೂರ. ಈ ಪಟ್ಟಿಯೊಳಗೆ ಫ್ರೆಂಚರು ಬರುವುದಕ್ಕೆ ಮೊದಲು ಒಂದೇ ರಾಜ್ಯವಿರಲಿಲ್ಲ. ಮಧ್ಯದಕ್ಷಿಣದಲ್ಲಿ ಫೋನ್ ಜನರ ಅಬೊಮೆ ರಾಜ್ಯವಿತ್ತು. ಆಗ್ನೇಯದಲ್ಲಿ ಗುನ್ ಮತ್ತು ಯೊರುಬಾ ಜನರಿದ್ದ ಪೋರ್ಟೊ-ನೊವೊ ಇತ್ತು. ಉತ್ತರದಲ್ಲಿ ನಿಕ್ಕಿಯನ್ನು ಕೇಂದ್ರವಾಗಿಟ್ಟುಕೊಂಡ ಬಾರಿಬಾ ದೊರೆಗಳೂ, ಯಾವ ದೊರೆಗೂ ತಲೆಬಾಗದ ಅಟಕೋರಾ ಗುಡ್ಡಗಾಡಿನ ಸೋಂಬಾ ಮುಂತಾದ ಜನರೂ ಇದ್ದರು. ಅಬೊಮೆಯ ದಂಡಯಾತ್ರೆಗಳ ಭಯದಿಂದ ಪೋರ್ಟೊ-ನೊವೊದ ದೊರೆ ಟೋಫಾ ಫ್ರೆಂಚರ ಆಶ್ರಯ ಪಡೆದನು. ಫ್ರೆಂಚರನ್ನು ಎದುರಿಸಿ ಹೋರಾಡಿದ ಅಬೊಮೆಯ ದೊರೆ ಬೆಹಾಂಜಿನ್ 1894ರಲ್ಲಿ ಸೆರೆಯಾಗಿ ಮಾರ್ಟಿನಿಕ್ ದ್ವೀಪಕ್ಕೆ ಗಡೀಪಾರಾದನು. ಒಂದು ಊರಿನ ಪಾಲಿಗೆ ರಕ್ಷಕನಾಗಿ ಬಂದವನು ಇನ್ನೊಂದು ಊರಿನ ಪಾಲಿಗೆ ಕೊಳ್ಳೆಗಾರನಾಗಿದ್ದ ಈ ನೆನಪು 1950ರ ದಶಕದ ಮತಗಟ್ಟೆಗಳವರೆಗೂ ಉಳಿದು ಬಂದಿತ್ತು.

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್ ತನ್ನ ವಸಾಹತುಗಳಿಗೆ ಪ್ಯಾರಿಸ್ಸಿನ ಸಂಸತ್ತಿನಲ್ಲಿ ಪ್ರಾತಿನಿಧ್ಯ ಕೊಟ್ಟಾಗ ದಹೋಮಿಯ ರಾಜಕಾರಣ ಆರಂಭವಾಯಿತು. ಪೋರ್ಟೊ-ನೊವೊದ ಸೂರೂ-ಮಿಗಾನ್ ಆಪಿತಿ 1945ರಲ್ಲೇ ಪ್ಯಾರಿಸ್ಸಿಗೆ ಆಯ್ಕೆಯಾದರು. ಆರಂಭದಲ್ಲಿ ಇಡೀ ದೇಶವನ್ನು ಒಳಗೊಂಡ ದಹೋಮಿ ಪ್ರಗತಿಶೀಲ ಸಂಘವೆಂಬ ಒಂದೇ ಸಂಘಟನೆ ಇತ್ತು. 1951ರ ಚುನಾವಣೆಯಲ್ಲಿ ದಹೋಮಿಗೆ ಎರಡನೆಯ ಸ್ಥಾನ ದೊರೆತಾಗ ಪಟ್ಟಿಯಲ್ಲಿ ಯಾರ ಹೆಸರು ಮೊದಲು ಬರಬೇಕೆಂಬ ಜಗಳದಲ್ಲಿ ಆ ಸಂಘಟನೆ ಒಡೆಯಿತು. ಆಪಿತಿ ಹೊರನಡೆದು ದಹೋಮಿ ಗಣತಂತ್ರ ಪಕ್ಷವನ್ನು ಕಟ್ಟಿಕೊಂಡರು. ಅದೇ ಚುನಾವಣೆಯಲ್ಲಿ ಉತ್ತರದ ಪರಾಕು ಊರಿನ ಶಾಲಾ ಶಿಕ್ಷಕ ಊಬೆರ್ ಮಾಗಾ ಗೆದ್ದರು. ಅವರ ಮೊದಲ ಸಂಘಟನೆಯ ಹೆಸರಿನಲ್ಲೇ 'ಉತ್ತರದ ಜನಾಂಗೀಯ ಗುಂಪು' ಎಂಬ ಮಾತಿತ್ತು. ಮುಂದೆ ಅದು ದಹೋಮಿ ಪ್ರಜಾಸತ್ತಾತ್ಮಕ ಕೂಟವಾಯಿತು. ಮೂರನೆಯವರಾದ ಜಸ್ಟಿನ್ ಆಹೊಮಾದೆಗ್ಬೆ ದಂತವೈದ್ಯರು, ಅಬೊಮೆಯ ರಾಜಮನೆತನಕ್ಕೆ ಸೇರಿದವರು. 1955ರಲ್ಲಿ ಅವರು ಕಟ್ಟಿದ ದಹೋಮಿ ಪ್ರಜಾಸತ್ತಾತ್ಮಕ ಒಕ್ಕೂಟಕ್ಕೆ ಅಬೊಮೆಯ ಸುತ್ತಲಿನ ಫೋನ್ ಜನರೊಂದಿಗೆ ಕೊಟೊನೂ ಪಟ್ಟಣದ ಕಾರ್ಮಿಕ ಸಂಘಗಳ ಬೆಂಬಲವೂ ಇತ್ತು.

ಹೀಗೆ ಮೂವರು ನಾಯಕರಿಗೆ ಮೂರು ಪ್ರದೇಶಗಳು ಹಂಚಿಹೋದವು. ಯಾರೊಬ್ಬರಿಗೂ ಸ್ವಂತ ಬಲದ ಮೇಲೆ ದೇಶವನ್ನು ಆಳುವಷ್ಟು ಮತಗಳಿರಲಿಲ್ಲ. ಯಾವ ಇಬ್ಬರು ಸೇರಿದರೂ ಮೂರನೆಯವರನ್ನು ಸೋಲಿಸಬಹುದಾಗಿತ್ತು. ದಹೋಮಿಯ ಮುಂದಿನ ಹನ್ನೆರಡು ವರ್ಷಗಳ ರಾಜಕಾರಣವೆಲ್ಲ ಈ ಒಂದು ಲೆಕ್ಕದ ಸುತ್ತಲೇ ತಿರುಗಿತು.

1959ರ ಲೆಕ್ಕ

ಏಕತಾ ಪಕ್ಷದ ಹುಟ್ಟನ್ನು ಅರ್ಥಮಾಡಿಕೊಳ್ಳಬೇಕಾದರೆ 1959ರ ಏಪ್ರಿಲ್‌ನ ಚುನಾವಣೆಯ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಆಗ ಸಭೆಯಲ್ಲಿ 70 ಸ್ಥಾನಗಳಿದ್ದವು. ಆಹೊಮಾದೆಗ್ಬೆಯವರ ಪಕ್ಷಕ್ಕೆ ಸುಮಾರು 1,72,000 ಮತಗಳು ಬಂದವು. ಆಪಿತಿಯವರ ಪಕ್ಷಕ್ಕೆ ಸುಮಾರು 1,44,000. ಮಾಗಾ ಅವರ ಪಕ್ಷಕ್ಕೆ ಸುಮಾರು 62,000. ಆದರೆ ಸ್ಥಾನಗಳು ಹಂಚಿಕೆಯಾದ ರೀತಿಯೇ ಬೇರೆ. ಆಪಿತಿಯವರಿಗೆ 37, ಮಾಗಾ ಅವರಿಗೆ 22, ಎಲ್ಲರಿಗಿಂತ ಹೆಚ್ಚು ಮತ ಪಡೆದ ಆಹೊಮಾದೆಗ್ಬೆಯವರಿಗೆ ಕೇವಲ 11. ಒಂದೊಂದು ಕ್ಷೇತ್ರದಲ್ಲೂ ಹೆಚ್ಚು ಮತ ಪಡೆದ ಪಟ್ಟಿಗೆ ಆ ಕ್ಷೇತ್ರದ ಎಲ್ಲ ಸ್ಥಾನಗಳೂ ಸೇರುವ ಪದ್ಧತಿಯಿದ್ದುದರಿಂದ, ಮತಗಳು ಎಲ್ಲಿ ಬಿದ್ದವೆಂಬುದು ಎಷ್ಟು ಬಿದ್ದವೆಂಬುದಕ್ಕಿಂತ ಮುಖ್ಯವಾಯಿತು.

ಫಲಿತಾಂಶ ಹೊರಬಿದ್ದ ಕೂಡಲೇ ದಕ್ಷಿಣದಲ್ಲಿ ಗಲಭೆಗಳಾದವು. ಪಶ್ಚಿಮ ಆಫ್ರಿಕಾದ ಇನ್ನೊಂದು ದೇಶವಾದ ಕೋತ್ ದಿವ್ವಾರಿನ (ಐವರಿ ಕೋಸ್ಟ್) ನಾಯಕ ಫೆಲಿಕ್ಸ್ ಊಫ್ವೆ-ಬ್ವಾನಿ ಮಧ್ಯಸ್ಥಿಕೆ ವಹಿಸಿದರು. ಆಪಿತಿಯವರ ಪಾಲಿನ ಒಂಬತ್ತು ಸ್ಥಾನಗಳನ್ನು ಆಹೊಮಾದೆಗ್ಬೆಯವರ ಪಕ್ಷಕ್ಕೆ ಬಿಟ್ಟುಕೊಡುವ ರಾಜಿಯಾಗಿ, ಸಭೆಯ ಬಲಾಬಲ 28, 22, 20 ಎಂದು ಬದಲಾಯಿತು. ಇಷ್ಟಾದ ಮೇಲೆ ದಕ್ಷಿಣದ ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ಪ್ರಧಾನಿಯಾಗಿ ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ 1959ರ ಮೇ ತಿಂಗಳಲ್ಲಿ, ಮೂವರಲ್ಲಿ ಅತ್ಯಂತ ಕಡಿಮೆ ಮತ ಪಡೆದಿದ್ದ ಮಾಗಾ ಪ್ರಧಾನಿಯಾದರು.

ಈ ಘಟನೆಯಿಂದ ಮೂವರೂ ಬೇರೆ ಬೇರೆ ಪಾಠ ಕಲಿತರು ಎಂದು ನನಗೆ ತೋರುತ್ತದೆ. ದಕ್ಷಿಣದವರಿಬ್ಬರ ಜಗಳ ಇರುವವರೆಗೆ ತಮ್ಮ ಕುರ್ಚಿ ಭದ್ರವೆಂದು ಮಾಗಾ ಕಂಡುಕೊಂಡರು. ಗೆದ್ದ ಸ್ಥಾನಗಳನ್ನೂ ಪ್ರಧಾನಿ ಪದವಿಯನ್ನೂ ಕಳೆದುಕೊಂಡ ಆಪಿತಿ, ಮುಂದಿನ ಬಾರಿ ಹೊರಗುಳಿಯುವವರು ತಾವಾಗಬಾರದೆಂದು ನಿಶ್ಚಯಿಸಿದರು. ಮತಪೆಟ್ಟಿಗೆ ನ್ಯಾಯ ಕೊಡದಿದ್ದಾಗ ಬೀದಿಯ ಗದ್ದಲ ಒಂಬತ್ತು ಸ್ಥಾನ ತಂದುಕೊಟ್ಟಿತೆಂಬುದನ್ನು ಆಹೊಮಾದೆಗ್ಬೆಯವರ ಬೆಂಬಲಿಗರು ಮರೆಯಲಿಲ್ಲ. ಈ ಮೂರನೆಯ ಪಾಠವೇ ನಾಲ್ಕು ವರ್ಷಗಳ ನಂತರ ಹೆಚ್ಚು ಕೆಲಸಕ್ಕೆ ಬಂದಿತು.

ಪಕ್ಷದ ರಚನೆ

ಸ್ವಾತಂತ್ರ್ಯದ ವೇಳೆಗೆ ಮಾಗಾ ಅವರ ಸರ್ಕಾರದಲ್ಲಿ ಆಹೊಮಾದೆಗ್ಬೆಯವರ ಪಕ್ಷವೂ ಇತ್ತು. ಆದರೆ ಸ್ವಾತಂತ್ರ್ಯ ಬಂದ ಕೆಲವೇ ವಾರಗಳಲ್ಲಿ, ಆ ಪಕ್ಷಕ್ಕೆ ಹತ್ತಿರವಿದ್ದ ಕಾರ್ಮಿಕ ಸಂಘಗಳ ಮುಷ್ಕರಗಳ ಹಿನ್ನೆಲೆಯಲ್ಲಿ ಸಂಬಂಧ ಹಳಸಿತು. ಮಾಗಾ ಕೂಡಲೇ ಪಕ್ಕ ಬದಲಿಸಿ ಆಪಿತಿಯವರತ್ತ ತಿರುಗಿದರು. ತಮ್ಮ ಪಕ್ಷವನ್ನು ಆ ಹೊತ್ತಿಗೆ ರಾಷ್ಟ್ರೀಯ ಪಕ್ಷವೆಂಬ ಹೊಸ ಹೆಸರಿನಲ್ಲಿ ಕಟ್ಟಿಕೊಂಡಿದ್ದ ಆಪಿತಿ ಕಾಯುತ್ತಿದ್ದುದೇ ಅದಕ್ಕಾಗಿ. ನವೆಂಬರ್‌ನಲ್ಲಿ ಎರಡೂ ಪಕ್ಷಗಳು ವಿಲೀನವಾಗಿ ದಹೋಮಿ ಏಕತಾ ಪಕ್ಷವಾಯಿತು.

'ಏಕತೆ' ಎಂಬ ಪದವನ್ನು ಆಗಿನ ಕಾಲದ ಸಂದರ್ಭದಲ್ಲಿಟ್ಟು ನೋಡಬೇಕು. 1960ರ ಆಫ್ರಿಕಾದಲ್ಲಿ ಅದೊಂದು ಪವಿತ್ರ ಪದವಾಗಿತ್ತು. ಹೊಸ ದೇಶಕ್ಕೆ ಪಕ್ಷಪಂಗಡಗಳ ಜಗಳವೆಂಬ ದುಬಾರಿ ಚಟ ಬೇಡ, ಎಲ್ಲರೂ ಒಂದೇ ಪಕ್ಷದಲ್ಲಿ ನಿಂತು ಕಟ್ಟೋಣ ಎಂಬ ಮಾತನ್ನು ಗಿನಿಯಿಂದ ಕೋತ್ ದಿವ್ವಾರಿನವರೆಗೆ ಎಲ್ಲ ಕಡೆ ಕೇಳಬಹುದಿತ್ತು, ಮತ್ತು ಹೇಳಿದವರಲ್ಲಿ ಹಲವರು ಅದನ್ನು ಮನಸಾರೆ ನಂಬಿಯೇ ಹೇಳಿದರು. ಆದರೆ ಆ ದೇಶಗಳಿಗೂ ದಹೋಮಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು. ಗಿನಿಯಲ್ಲಿ ಸೆಕು ತೂರೆಯವರ ಪಕ್ಷವೂ, ಕೋತ್ ದಿವ್ವಾರಿನಲ್ಲಿ ಊಫ್ವೆ-ಬ್ವಾನಿಯವರ ಪಕ್ಷವೂ ವಸಾಹತು ಕಾಲದಲ್ಲೇ ಊರೂರಿಗೆ ಇಳಿದು, ಹೋರಾಡಿ, ಪೆಟ್ಟು ತಿಂದು ಬೆಳೆದಿದ್ದವು. ಅಲ್ಲಿ ಏಕಪಕ್ಷ ಪದ್ಧತಿ ಬಂದಾಗ ಅದರ ಹಿಂದೆ ನಿಜವಾದೊಂದು ಪಕ್ಷವಿತ್ತು. ದಹೋಮಿಯ ಏಕತಾ ಪಕ್ಷಕ್ಕೆ ಸ್ವಂತದ್ದೆಂಬ ಒಂದು ಊರೂ ಇರಲಿಲ್ಲ. ಪರಾಕುವಿನಲ್ಲಿ ಅದು ಮಾಗಾ ಅವರ ಪಕ್ಷವಾಗಿತ್ತು, ಪೋರ್ಟೊ-ನೊವೊದಲ್ಲಿ ಆಪಿತಿಯವರ ಪಕ್ಷವಾಗಿತ್ತು. ಉತ್ತರದ ರೈತನಿಗೆ ಮತ ಹಾಕೆಂದು ಹೇಳುತ್ತಿದ್ದವರು ಮೊದಲಿನಂತೆ ಅದೇ ಊರ ಮುಖಂಡರು. ಆಗ್ನೇಯದ ವ್ಯಾಪಾರಿಗೆ ಹೇಳುತ್ತಿದ್ದವರು ಮೊದಲಿನಂತೆ ಅದೇ ಪಟ್ಟಣದ ಗಣ್ಯರು. ಎರಡು ಮನೆಗಳ ನಡುವಿನ ಗೋಡೆಯನ್ನು ಒಡೆಯದೆ ಎರಡಕ್ಕೂ ಒಂದೇ ಫಲಕ ಹಾಕಿದಂತಾಯಿತು.

ಈ ಫಲಕಕ್ಕೆ ಅಧಿಕಾರದ ಮುದ್ರೆ ಒತ್ತಿದ್ದು ಹೊಸ ಚುನಾವಣಾ ಕಾನೂನು. 1960ರ ನವೆಂಬರ್‌ನ ಸಂವಿಧಾನವು ಅಧ್ಯಕ್ಷೀಯ ಪದ್ಧತಿಯನ್ನು ತಂದಿತು. ಚುನಾವಣೆಗೆ ಇಡೀ ದೇಶವನ್ನು ಒಂದೇ ಕ್ಷೇತ್ರವಾಗಿ ಮಾಡಲಾಯಿತು. ರಾಷ್ಟ್ರಾಧ್ಯಕ್ಷ, ಉಪಾಧ್ಯಕ್ಷ ಮತ್ತು 60 ಸದಸ್ಯರ ಹೆಸರುಗಳಿರುವ ಪಟ್ಟಿಗೆ ಮತದಾರನು ಒಟ್ಟಾಗಿ ಮತ ಹಾಕಬೇಕು; ಹೆಚ್ಚು ಮತ ಪಡೆದ ಪಟ್ಟಿಯವರೆಲ್ಲರೂ ಆಯ್ಕೆಯಾಗುತ್ತಾರೆ, ಉಳಿದ ಪಟ್ಟಿಯವರಲ್ಲಿ ಒಬ್ಬರೂ ಆಯ್ಕೆಯಾಗುವುದಿಲ್ಲ. 1959ರಲ್ಲಿ ಕ್ಷೇತ್ರದ ಮಟ್ಟದಲ್ಲಿದ್ದ ಅನ್ಯಾಯ ಈಗ ದೇಶದ ಮಟ್ಟಕ್ಕೆ ಏರಿತು. ಡಿಸೆಂಬರ್ 11ರಂದು ಏಕತಾ ಪಕ್ಷಕ್ಕೆ ಶೇಕಡಾ 69ರಷ್ಟು ಮತ ಬಂದಿತು, ಆಹೊಮಾದೆಗ್ಬೆಯವರ ಪಟ್ಟಿಗೆ ಶೇಕಡಾ 31ರಷ್ಟು. ಮಾಗಾ ರಾಷ್ಟ್ರಾಧ್ಯಕ್ಷರಾದರು, ಆಪಿತಿ ಉಪಾಧ್ಯಕ್ಷರಾದರು. ಪ್ರತಿ ಹತ್ತು ಮತದಾರರಲ್ಲಿ ಮೂವರು ಆರಿಸಿದ ಪಕ್ಷಕ್ಕೆ ಸಭೆಯಲ್ಲಿ ಒಂದು ಕುರ್ಚಿಯೂ ಸಿಗಲಿಲ್ಲ.

ಆ ಮೂವರು ಯಾರು ಎಂಬುದನ್ನು ಗಮನಿಸಬೇಕು. ಅವರು ದೇಶದ ತುಂಬ ಅಲ್ಲೊಬ್ಬರು ಇಲ್ಲೊಬ್ಬರು ಚದುರಿದ ಅತೃಪ್ತರಾಗಿದ್ದರೆ ಸರ್ಕಾರಕ್ಕೆ ಅಷ್ಟು ಅಪಾಯವಿರುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರು ಅಬೊಮೆಯ ಸುತ್ತಲಿನ ಫೋನ್ ಜನರು ಮತ್ತು ಕೊಟೊನೂ ಪಟ್ಟಣದ ಸಂಘಟಿತ ನೌಕರರು. ಅಂದರೆ ಸರ್ಕಾರದ ಕಚೇರಿ, ಹಡಗುಕಟ್ಟೆ, ರೈಲು ಮತ್ತು ಅಂಚೆಯನ್ನು ನಡೆಸುವವರು. ಸಭೆಯಲ್ಲಿ ಅವರಿಗೆ ದನಿಯಿರಲಿಲ್ಲ, ಆದರೆ ಸರ್ಕಾರದ ಚಕ್ರಗಳನ್ನು ನಿಲ್ಲಿಸುವ ಶಕ್ತಿ ಅವರ ಕೈಯಲ್ಲೇ ಇತ್ತು.

ಎದುರಾಳಿ ಇಲ್ಲದ ವರ್ಷಗಳು

1961ರ ಏಪ್ರಿಲ್‌ನಲ್ಲಿ ಆಹೊಮಾದೆಗ್ಬೆಯವರ ಪಕ್ಷವನ್ನು ವಿಸರ್ಜಿಸಲಾಯಿತು. ಮೇ ತಿಂಗಳಲ್ಲಿ ಸರ್ಕಾರದ ವಿರುದ್ಧ ಸಂಚು ಹೂಡಿದ ಆರೋಪದ ಮೇಲೆ ಅವರನ್ನೂ ಅವರ ಹಲವು ಸಂಗಡಿಗರನ್ನೂ ಬಂಧಿಸಲಾಯಿತು. ವಿಚಾರಣೆ ನಡೆದು ಶಿಕ್ಷೆಯೂ ಆಯಿತು. 1962ರ ನವೆಂಬರ್‌ನಲ್ಲಿ ಮಾಗಾ ಆಹೊಮಾದೆಗ್ಬೆಯವರನ್ನು ಬಿಡುಗಡೆ ಮಾಡಿದರು. ಆ ಕಾಲದ ನೆರೆಯ ದೇಶಗಳ ಸೆರೆಮನೆಗಳ ಕಥೆಗಳ ಮುಂದೆ ಇದು ಮೃದುವಾದ ನಡೆಯೇ ಸರಿ. ದಹೋಮಿಯ ಈ ಮೂವರೂ ಪರಸ್ಪರ ಎಷ್ಟೇ ಕಾದಾಡಿದರೂ ಒಬ್ಬರು ಇನ್ನೊಬ್ಬರ ಪ್ರಾಣ ತೆಗೆಯಲಿಲ್ಲ. ಆ ಕಾಲದ ಇತಿಹಾಸವನ್ನು ಓದುವಾಗ ಇದನ್ನು ಮರೆಯಬಾರದೆಂಬುದು ನನ್ನ ಅಭಿಪ್ರಾಯ. ಮುಂದೆ 1990ರಲ್ಲಿ ಬೆನಿನ್ ರಕ್ತಪಾತವಿಲ್ಲದೆ ಬಹುಪಕ್ಷ ವ್ಯವಸ್ಥೆಗೆ ಮರಳಿದ್ದರ ಬೇರುಗಳಲ್ಲಿ ಇದೂ ಒಂದಿರಬಹುದು.

ಪಕ್ಷದ ಆಳ್ವಿಕೆಯಲ್ಲಿ ಜನರ ಮೆಚ್ಚುಗೆ ಗಳಿಸಿದ ಕೆಲಸಗಳೂ ಇದ್ದವು. ಅವುಗಳಲ್ಲೊಂದು ವೀದಾ ಪಟ್ಟಣದ ಪೋರ್ಚುಗೀಸ್ ಕೋಟೆಯ ವಶ. ಗುಲಾಮರ ವ್ಯಾಪಾರದ ಕಾಲದಲ್ಲಿ ಕಟ್ಟಿದ ಸಾವೊ ಜೊವಾವೊ ಬಟಿಸ್ಟಾ ಕೋಟೆಯೂ ಅದರ ಸುತ್ತಲಿನ ಒಂದಿಷ್ಟು ನೆಲವೂ, ಸುತ್ತಲೂ ಫ್ರೆಂಚ್ ಆಡಳಿತವಿದ್ದಾಗಲೂ, ಪೋರ್ಚುಗಲ್ಲಿನ ಆಸ್ತಿಯಾಗಿಯೇ ಉಳಿದಿದ್ದವು. ಬೆರಳೆಣಿಕೆಯ ಜನರಷ್ಟೇ ಅಲ್ಲಿ ವಾಸವಾಗಿದ್ದರು. ಸ್ವಾತಂತ್ರ್ಯದ ಮೊದಲ ವಾರ್ಷಿಕೋತ್ಸವದ ಹೊತ್ತಿಗೆ, ಅಂದರೆ 1961ರ ಆಗಸ್ಟ್ 1ಕ್ಕೆ ಮೊದಲು, ಕೋಟೆಯನ್ನು ತೆರವು ಮಾಡಬೇಕೆಂದು ದಹೋಮಿ ಸರ್ಕಾರ ಗಡುವು ಕೊಟ್ಟಿತು. ಲಿಸ್ಬನ್ನಿನಲ್ಲಿ ಸಲಜಾರ್ ಸರ್ಕಾರಕ್ಕೆ ಬಿಟ್ಟುಕೊಡುವ ಮನಸ್ಸಿರಲಿಲ್ಲ, ಕಾದಾಡುವ ಸೈನ್ಯವೂ ಅಲ್ಲಿರಲಿಲ್ಲ. ಗಡುವು ಮುಗಿಯುವ ಹೊತ್ತಿಗೆ ಪೋರ್ಚುಗೀಸ್ ಅಧಿಕಾರಿ ಕೋಟೆಯ ಕಟ್ಟಡಗಳಿಗೆ ಬೆಂಕಿ ಹಚ್ಚಿದನು. ದಹೋಮಿಯವರ ಕೈಗೆ ಸಿಕ್ಕಿದ್ದು ಸುಟ್ಟು ಕರಕಲಾದ ಕೋಟೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಗೋವಾದಿಂದ ಪೋರ್ಚುಗೀಸರು ಹೊರಟುಹೋದದ್ದನ್ನು ನೆನೆದರೆ, ಸಲಜಾರ್ ಕಳೆದುಕೊಂಡ ಆ ವರ್ಷದ ಮೊದಲ ನೆಲ ವೀದಾದ ಈ ಅಂಗೈಯಗಲದ ಕೋಟೆ ಎಂಬುದು ಕನ್ನಡ ಓದುಗರಿಗೆ ಆಸಕ್ತಿಯ ಸಂಗತಿಯಾದೀತು. ಉತ್ತರದವನಾಗಲಿ ದಕ್ಷಿಣದವನಾಗಲಿ, ಎಲ್ಲ ದಹೋಮಿಯನಿಗೂ ಹೆಮ್ಮೆ ತಂದ ಇಂಥ ಗಳಿಗೆಗಳು ಏಕತಾ ಪಕ್ಷದ ಆಳ್ವಿಕೆಯಲ್ಲಿ ಹೆಚ್ಚಿರಲಿಲ್ಲ.

ಆರ್ಥಿಕ ಸ್ಥಿತಿಯ ಮಾತು ಬೇರೆ. ದೇಶದ ರಫ್ತೆಂದರೆ ಮುಖ್ಯವಾಗಿ ತಾಳೆಎಣ್ಣೆ ಮತ್ತು ತಾಳೆಬೀಜ. ಆಯವ್ಯಯದ ಕೊರತೆಯನ್ನು ಫ್ರಾನ್ಸ್ ತುಂಬಿಕೊಡುತ್ತಿತ್ತು. ಫ್ರೆಂಚ್ ಆಡಳಿತ ಕಾಲದಲ್ಲಿ ದಹೋಮಿ ಓದಿದವರ ನಾಡೆಂದು ಹೆಸರಾಗಿತ್ತು. ಡಕಾರ್, ಅಬಿಜಾನ್, ನಿಯಮೆಗಳ ಕಚೇರಿಗಳಲ್ಲಿ ಗುಮಾಸ್ತರಾಗಿ, ಶಿಕ್ಷಕರಾಗಿ ದಹೋಮಿಯವರೇ ತುಂಬಿದ್ದರು. ಪಶ್ಚಿಮ ಆಫ್ರಿಕಾದ ಫ್ರೆಂಚ್ ಒಕ್ಕೂಟ ಒಡೆದು ಪ್ರತಿಯೊಂದು ದೇಶವೂ ತನ್ನವರಿಗೇ ಕೆಲಸವೆಂದು ಹೇಳತೊಡಗಿದಾಗ ಇವರಿಗೆ ಕುತ್ತು ಬಂದಿತು. 1958ರಲ್ಲಿ ಅಬಿಜಾನ್‌ನಲ್ಲಿ ದಹೋಮಿಯವರ ವಿರುದ್ಧ ಗಲಭೆಗಳಾಗಿ ಸಾವಿರಾರು ಜನ ತವರಿಗೆ ಮರಳಿದರು. ಓದಿದ, ಸಂಬಳದ ಬದುಕಿಗೆ ಒಗ್ಗಿದ, ಸಂಘಟನೆ ಬಲ್ಲ ಈ ಜನರಿಗೆಲ್ಲ ಕೊಡುವಷ್ಟು ಹುದ್ದೆಗಳು ಎಣ್ಣೆ ಮಾರಿ ಬದುಕುವ ಪುಟ್ಟ ದೇಶದಲ್ಲಿ ಎಲ್ಲಿಂದ ಬರಬೇಕು? ಇದ್ದ ಹುದ್ದೆಗಳ ಸಂಬಳಕ್ಕೇ ಆಯವ್ಯಯದ ಬಹುಪಾಲು ಹೋಗುತ್ತಿತ್ತು.

1962ರ ಜನವರಿಯಿಂದ ನಾಲ್ಕು ವರ್ಷಗಳ ಯೋಜನೆಯೊಂದನ್ನು ಮಾಗಾ ಜಾರಿಗೆ ತಂದರು. ಕೃಷಿ ಉತ್ಪನ್ನವನ್ನು ಹೆಚ್ಚಿಸುವುದು ಅದರ ಗುರಿ. ಹಣವಿಲ್ಲದ ಕಡೆ 'ಮಾನವ ಹೂಡಿಕೆ' ಎಂಬ ಹೆಸರಿನಲ್ಲಿ ಜನರ ದುಡಿಮೆಯನ್ನೇ ಬಂಡವಾಳವಾಗಿ ತೊಡಗಿಸುವ ಯೋಚನೆಯಿತ್ತು. ಬೆವರಿನ ಕೂಲಿಯಿಲ್ಲದೆ ರಸ್ತೆ ಕಡಿದ ವಸಾಹತು ಕಾಲದ ಬಿಟ್ಟಿ ದುಡಿಮೆಯ ನೆನಪು ಇನ್ನೂ ಹಸಿಯಾಗಿದ್ದ ಹಳ್ಳಿಗಳಲ್ಲಿ ಇಂಥ ಯೋಚನೆಯನ್ನು ಒಪ್ಪಿಸಬೇಕಾದರೆ ಜನರ ನಂಬಿಕೆ ಗಳಿಸಿದ ಪಕ್ಷ ಬೇಕಾಗುತ್ತದೆ. ನೌಕರರ ಸಂಬಳಕ್ಕೂ ಕತ್ತರಿ ಬಿದ್ದಿತು. ಅದೇ ಹೊತ್ತಿನಲ್ಲಿ ಕೊಟೊನೂವಿನಲ್ಲಿ ಹೊಸ ಅಧ್ಯಕ್ಷರ ಅರಮನೆ ಮೇಲೇಳುತ್ತಿತ್ತು. ಅದಕ್ಕೆ ತಗುಲಿದ ವೆಚ್ಚ ಸುಮಾರು 30 ಲಕ್ಷ ಡಾಲರ್ ಎಂದು ಲೆಕ್ಕ. ಹೊಸ ದೇಶಕ್ಕೆ ಗೌರವದ ಮನೆಯೊಂದು ಬೇಡವೇ ಎಂಬ ವಾದಕ್ಕೂ ಅರ್ಥವಿದೆ. ಗವರ್ನರನ ಬಂಗಲೆಯಲ್ಲೇ ಉಳಿದರೆ ಸ್ವಾತಂತ್ರ್ಯ ಬಂದದ್ದು ಕಣ್ಣಿಗೆ ಕಾಣುವುದು ಹೇಗೆ ಎಂದು ಆ ಪೀಳಿಗೆಯ ನಾಯಕರು ಪ್ರಾಮಾಣಿಕವಾಗಿಯೇ ಭಾವಿಸಿದ್ದರು. ಆದರೆ ಸಂಬಳ ಕಡಿತವಾದ ಗುಮಾಸ್ತ ಬೆಳಗ್ಗೆ ಕಚೇರಿಗೆ ಹೋಗುವಾಗ ಆ ಕಟ್ಟಡವನ್ನು ದಾಟಿಯೇ ಹೋಗಬೇಕಿತ್ತು.

ಪಕ್ಷದೊಳಗೂ ಬಿರುಕು ಹೆಚ್ಚುತ್ತಿತ್ತು. ಇದನ್ನು ನಾನು ಈ ಪ್ರಕರಣದ ತಿರುಳೆಂದು ಭಾವಿಸುತ್ತೇನೆ. ಮಾಗಾ ಮತ್ತು ಆಪಿತಿಯವರನ್ನು ಒಟ್ಟಿಗೆ ಹಿಡಿದಿಟ್ಟಿದ್ದುದು ಆಹೊಮಾದೆಗ್ಬೆಯವರ ಭಯ. ಅವರ ಪಕ್ಷ ಅಳಿಸಿಹೋಗಿ, ಅವರು ಸೆರೆಮನೆ ಸೇರಿದ ದಿನವೇ ಆ ಅಂಟು ಒಣಗಲು ತೊಡಗಿತು. ಅಧ್ಯಕ್ಷೀಯ ಸಂವಿಧಾನದಲ್ಲಿ ಅಧಿಕಾರವೆಲ್ಲ ರಾಷ್ಟ್ರಾಧ್ಯಕ್ಷರ ಬಳಿ ಇತ್ತು, ಉಪಾಧ್ಯಕ್ಷರ ಬಳಿ ಹೆಸರಷ್ಟೇ ಉಳಿದಿತ್ತು. ಸಮಪಾಲಿನ ಒಪ್ಪಂದವೆಂದು ನಂಬಿ ಬಂದಿದ್ದ ಪೋರ್ಟೊ-ನೊವೊದ ಜನರಿಗೆ, ತಮ್ಮ ನಾಯಕನನ್ನು ಅಲಂಕಾರಕ್ಕೆ ಇಟ್ಟುಕೊಳ್ಳಲಾಗಿದೆ ಎಂಬ ಭಾವನೆ ಬಂದಿತು. ಬೇರೆ ದೇಶವಾಗಿದ್ದರೆ ಇಂಥ ಅತೃಪ್ತ ಪಾಲುದಾರನು ಸಭೆಯಲ್ಲಿ ತನ್ನ ಸದಸ್ಯರನ್ನು ಕಟ್ಟಿಕೊಂಡು ಬೆಂಬಲ ಹಿಂತೆಗೆದುಕೊಳ್ಳುತ್ತಿದ್ದನು, ಸರ್ಕಾರ ಬೀಳುತ್ತಿತ್ತು, ಹೊಸ ಕೂಟ ಏಳುತ್ತಿತ್ತು. 1959ರಲ್ಲಿ, 1960ರಲ್ಲಿ ದಹೋಮಿಯಲ್ಲೂ ಹಾಗೆಯೇ ಆಗಿತ್ತು. ಈಗ ಒಂದೇ ಪಟ್ಟಿಯ ಅರವತ್ತು ಸದಸ್ಯರ ಸಭೆಯಲ್ಲಿ ಪಕ್ಕ ಬದಲಿಸಲು ಇನ್ನೊಂದು ಪಕ್ಕವೇ ಇರಲಿಲ್ಲ.

ಸುತ್ತಲ ದೇಶಗಳಲ್ಲೂ ಗಾಳಿ ತಿರುಗಿತ್ತು. 1963ರ ಜನವರಿ 13ರಂದು ಪಕ್ಕದ ಟೋಗೋದ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ ಅವರನ್ನು ಲೊಮೆ ಪಟ್ಟಣದಲ್ಲಿ ಸೈನಿಕರು ಕೊಂದರು. ಆಗಸ್ಟ್‌ನಲ್ಲಿ ಕಾಂಗೋದ ಬ್ರಾಜಾವಿಲ್‌ನಲ್ಲಿ ಕಾರ್ಮಿಕ ಸಂಘಗಳ ಮೂರು ದಿನಗಳ ಪ್ರತಿಭಟನೆಗೆ ಅಧ್ಯಕ್ಷ ಫುಲ್ಬೆರ್ ಯೂಲು ರಾಜೀನಾಮೆ ಕೊಡಬೇಕಾಯಿತು. ಕೊಟೊನೂವಿನ ಸಂಘಟಿತ ನೌಕರರಿಗೆ ಆ ಸುದ್ದಿ ಬರಿಯ ಸುದ್ದಿಯಾಗಿ ಉಳಿಯಲಿಲ್ಲ.

1963ರ ಅಕ್ಟೋಬರ್

ಪತನಕ್ಕೆ ಕಾರಣವಾದ ಘಟನೆ ಮೇಲುನೋಟಕ್ಕೆ ರಾಜಕೀಯದ್ದೇ ಅಲ್ಲ. ಸ್ಥಳೀಯ ಆಡಳಿತಾಧಿಕಾರಿಯೊಬ್ಬರ ಕೊಲೆಯ ಪ್ರಕರಣದಲ್ಲಿ ರಾಷ್ಟ್ರೀಯ ಸಭೆಯಲ್ಲಿದ್ದ ಏಕತಾ ಪಕ್ಷದ ಒಬ್ಬ ಸದಸ್ಯರ ಮೇಲೆ ಆರೋಪ ಬಂದು, ಅವರ ಬಂಧನವಾಗಿತ್ತು. ಸದಸ್ಯರಿಗೆ ಕಾನೂನು ಕೊಟ್ಟ ರಕ್ಷಣೆಯ ನೆಪದಲ್ಲಿ ರಾಷ್ಟ್ರೀಯ ಸಭೆ ಮಧ್ಯೆ ಬಂದುದರಿಂದ ಅವರು ಸೆರೆಯಿಂದ ಹೊರಬಂದರು. ಸತ್ತವರ ಊರಿನ ಕಡೆಯವರಿಗೂ ಪೋರ್ಟೊ-ನೊವೊದ ಜನರಿಗೂ ಇದನ್ನು ಸಹಿಸಲಾಗಲಿಲ್ಲ. ರಾಜಧಾನಿ ಪೋರ್ಟೊ-ನೊವೊದ ಬೀದಿಗಳಲ್ಲಿ ಪ್ರತಿಭಟನೆ ಆರಂಭವಾಯಿತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಪ್ರತಿಭಟನೆ ಶುರುವಾದ ಊರು. ಅದು ವಿರೋಧಿಯ ಅಬೊಮೆಯಲ್ಲ. ಪೋರ್ಟೊ-ನೊವೊ, ಅಂದರೆ ಆಳುವ ಪಕ್ಷದ ಅರ್ಧ ಭಾಗದ ತವರು. ಎರಡನೆಯದು, ಜನರ ಸಿಟ್ಟು ತಿರುಗಿದ್ದು ಸಭೆಯ ಮೇಲೆ. ಒಬ್ಬನೇ ಒಬ್ಬ ವಿರೋಧಿ ಸದಸ್ಯನಿದ್ದಿದ್ದರೂ ಆತ ಎದ್ದು ನಿಂತು ಇದು ತಪ್ಪೆಂದು ಹೇಳುತ್ತಿದ್ದನು, ಹೊರಗಿನವರು ತಮ್ಮ ಮಾತನ್ನು ಒಳಗೆ ಯಾರೋ ಆಡಿದರೆಂದು ಸಮಾಧಾನಪಟ್ಟುಕೊಳ್ಳುತ್ತಿದ್ದರು. ತನ್ನ ಸದಸ್ಯನನ್ನು ತಾನೇ ಕಾಪಾಡಿಕೊಂಡ ಸಭೆಯನ್ನು ಪ್ರಶ್ನಿಸುವ ಜಾಗ ಬೀದಿಯೊಂದೇ ಆಗಿತ್ತು.

ಕೆಲವೇ ದಿನಗಳಲ್ಲಿ ಪ್ರತಿಭಟನೆ ಪೋರ್ಟೊ-ನೊವೊದಿಂದ ಸುಮಾರು 30 ಕಿಲೋಮೀಟರ್ ದೂರದ ಕೊಟೊನೂವಿಗೆ ಹರಡಿತು. ಅಲ್ಲಿ ಕಾರ್ಮಿಕ ಸಂಘಗಳು ಸೇರಿಕೊಂಡಾಗ ಬೇಡಿಕೆಯ ಸ್ವರೂಪವೇ ಬದಲಾಯಿತು. ಕೊಲೆ ಆರೋಪಿಯನ್ನು ಮತ್ತೆ ಬಂಧಿಸಿ ಎಂಬ ಕೂಗಿನ ಜೊತೆಗೆ ಸಂಬಳ, ನಿರುದ್ಯೋಗ, ಸರ್ಕಾರದ ದುಂದುವೆಚ್ಚಗಳ ಕೂಗುಗಳೂ ಸೇರಿದವು. ಮುಷ್ಕರದಿಂದ ಪಟ್ಟಣದ ಕೆಲಸಗಳು ನಿಂತವು. ಸರ್ಕಾರ ಸಂಜೆಯ ನಂತರ ಹೊರಬರದಂತೆ ನಿರ್ಬಂಧ ಹೇರಿತು, ಮಂತ್ರಿಮಂಡಲವನ್ನು ಬದಲಿಸುವ ಮಾತಾಡಿತು. ಜನರು ಕೇಳುತ್ತಿದ್ದುದು ಮಂತ್ರಿಗಳ ಬದಲಾವಣೆಯನ್ನಲ್ಲ. ಇತ್ತ ಉತ್ತರದಿಂದ ಮಾಗಾ ಅವರ ಬೆಂಬಲಿಗರು ತಮ್ಮ ನಾಯಕನ ರಕ್ಷಣೆಗೆ ಬರುತ್ತಿದ್ದಾರೆಂಬ ಭೀತಿಯೂ ಹಬ್ಬಿತು. ಉತ್ತರ ದಕ್ಷಿಣಗಳ ನಡುವೆ ಕೈಮೀರಿದ ಕಾಳಗವೇ ನಡೆದೀತೆಂದು ಎಲ್ಲರಿಗೂ ಅನಿಸತೊಡಗಿತು.

ಅಂತಿಮವಾಗಿ ಮುಂದೆ ಬಂದವರು ಸೇನಾ ಮುಖ್ಯಸ್ಥ ಕರ್ನಲ್ ಕ್ರಿಸ್ಟೋಫ್ ಸೊಗ್ಲೊ. ಫ್ರೆಂಚ್ ಸೇನೆಯಲ್ಲಿ ದೀರ್ಘಕಾಲ ದುಡಿದು, ಇಂಡೋಚೀನಾದ ಯುದ್ಧವನ್ನೂ ಕಂಡಿದ್ದ ಅವರು ಅಬೊಮೆಯ ಫೋನ್ ಸಮುದಾಯದವರು. ದಹೋಮಿಯ ಸೇನೆ ಆಗ ಸಾವಿರ ಜನರ ಆಸುಪಾಸಿನ ಪುಟ್ಟ ಪಡೆ. ಅಕ್ಟೋಬರ್ 28ರಂದು ಸೊಗ್ಲೊ ಸರ್ಕಾರವನ್ನೂ ರಾಷ್ಟ್ರೀಯ ಸಭೆಯನ್ನೂ ವಿಸರ್ಜಿಸಿ, ಸಂವಿಧಾನವನ್ನು ಅಮಾನತಿನಲ್ಲಿಟ್ಟರು. ದೇಶದ ರಾಜಕೀಯದಲ್ಲಿ ಸೇನೆ ಮೊದಲ ಬಾರಿಗೆ ಕಾಲಿಟ್ಟ ದಿನ ಅದು. ಸೊಗ್ಲೊ ಅವರ ನಡತೆಯನ್ನು ನೋಡಿದರೆ ಅವರು ಆ ದಿನ ಆಳಲು ಬಂದವರಲ್ಲ, ತೀರ್ಪುಗಾರನಾಗಿ ಬಂದವರು ಎಂದು ನಂಬಲು ಕಾರಣಗಳಿವೆ. ಅವರು ರಚಿಸಿದ ತಾತ್ಕಾಲಿಕ ಸರ್ಕಾರದಲ್ಲಿ ಮಾಗಾ, ಆಪಿತಿ, ಆಹೊಮಾದೆಗ್ಬೆ ಮೂವರಿಗೂ ಜಾಗ ಕೊಟ್ಟರು. ಏಕತಾ ಪಕ್ಷ ಮೂರು ವರ್ಷಗಳಲ್ಲಿ ಮಾಡದ ಕೆಲಸವನ್ನು, ಅಂದರೆ ಮೂವರನ್ನೂ ಒಂದೇ ಮೇಜಿಗೆ ಕೂರಿಸುವುದನ್ನು, ಸೇನಾಧಿಕಾರಿಯೊಬ್ಬರು ಕೆಲವೇ ದಿನಗಳಲ್ಲಿ ಮಾಡಿದರು. ಆದರೆ ಅದನ್ನು ಮಾಡಿದ್ದು ಸೇನೆಯೆಂಬುದನ್ನು ಕೊಟೊನೂವಿನ ಪ್ರತಿಯೊಬ್ಬ ಕಿರಿಯ ಅಧಿಕಾರಿಯೂ ನೋಡಿದನು.

ಪಕ್ಷವನ್ನು ಉಳಿಸಿಕೊಳ್ಳಲು ಪಕ್ಷದೊಳಗಿನವರು ನಿಂತರೇ ಎಂದು ಕೇಳಿದರೆ, ಉತ್ತರದಲ್ಲಿ ಜನ ನಿಂತರು. ಆದರೆ ಅವರು ನಿಂತದ್ದು ಮಾಗಾ ಅವರಿಗಾಗಿ. ಆಗ್ನೇಯದ ಜನ ಆಪಿತಿಯವರ ಮುಂದಿನ ಹೆಜ್ಜೆಯನ್ನು ಕಾದು ನೋಡಿದರು. ಮೂರು ವರ್ಷದ ಹಿಂದೆ ಎರಡು ಮನೆಗಳ ಮೇಲೆ ಹಾಕಿದ್ದ ಫಲಕ ಕಳಚಿ ಬಿದ್ದಾಗ ಎರಡೂ ಮನೆಗಳು ಮೊದಲಿದ್ದಂತೆಯೇ ಇದ್ದವು.

ಅದೇ ಲೆಕ್ಕ, ಇನ್ನೊಂದು ಜೋಡಿ

ಬೇರೆ ಏನಾದರೂ ಸಾಧ್ಯವಿತ್ತೇ? ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಕೊಡುವ ಕಾನೂನು 1960ರಲ್ಲಿ ಇದ್ದಿದ್ದರೆ ಆಹೊಮಾದೆಗ್ಬೆಯವರ ಪಕ್ಷಕ್ಕೆ ಅರವತ್ತರಲ್ಲಿ ಹದಿನೆಂಟೋ ಹತ್ತೊಂಬತ್ತೋ ಸ್ಥಾನಗಳು ಸಿಗುತ್ತಿದ್ದವು. ಮಾಗಾ ಮತ್ತು ಆಪಿತಿಯವರಿಗೆ ಆಗಲೂ ನಿಚ್ಚಳ ಬಹುಮತವಿರುತ್ತಿತ್ತು, ಸರ್ಕಾರ ಅವರದೇ ಆಗಿರುತ್ತಿತ್ತು. ವ್ಯತ್ಯಾಸವಿಷ್ಟೇ: ಕಾರ್ಮಿಕ ಸಂಘಗಳ ಮಾತು ಸಭೆಯೊಳಗೆ ಕೇಳಿಸುತ್ತಿತ್ತು, ಮತ್ತು ಅತೃಪ್ತ ಆಪಿತಿಗೆ ಪಕ್ಕ ಬದಲಿಸುವ ದಾರಿ ತೆರೆದಿರುತ್ತಿತ್ತು. ಅದರಿಂದ ಸರ್ಕಾರಗಳು ಬೇಗ ಬೇಗ ಬಿದ್ದೇಳುತ್ತಿದ್ದವೆಂಬುದು ನಿಜ. ಬೀಳುವ ಸರ್ಕಾರಗಳನ್ನು ಕಂಡರೆ ಆ ಕಾಲದ ನಾಯಕರಿಗೆ ದಿಗಿಲಿತ್ತು. ಫ್ರಾನ್ಸಿನ ನಾಲ್ಕನೆಯ ಗಣರಾಜ್ಯದ ಸಂಸತ್ತಿನಲ್ಲಿ ಕುಳಿತು, ತಿಂಗಳಿಗೊಂದು ಬಿಕ್ಕಟ್ಟನ್ನು ಕಂಡು ಬಂದವರು ಅವರು. ಮಾಗಾ ಸ್ವತಃ ಅಂಥದೊಂದು ಅಲ್ಪಾಯುಷಿ ಫ್ರೆಂಚ್ ಸರ್ಕಾರದಲ್ಲಿ ಕಾರ್ಮಿಕ ಖಾತೆಯ ಉಪಮಂತ್ರಿಯಾಗಿದ್ದರು. ಆ ದಿಗಿಲನ್ನು ಅರ್ಥಮಾಡಿಕೊಳ್ಳದೆ ಅವರನ್ನು ಅಧಿಕಾರದಾಹಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಸರ್ಕಾರ ಬೀಳದಂತೆ ಮಾಡಲು ಹೋಗಿ ಗಣರಾಜ್ಯವನ್ನೇ ಬೀಳುವಂತೆ ಮಾಡಿದ ಕಾನೂನಿನ ಹೊಣೆ ಅವರದೇ.

1963ರ ಡಿಸೆಂಬರ್‌ನಲ್ಲಿ ಮಾಗಾ ಅವರ ಮೇಲೆ ಸಂಚಿನ ಆರೋಪ ಹೊರಿಸಿ ಅವರನ್ನು ಗೃಹಬಂಧನದಲ್ಲಿಡಲಾಯಿತು. ಅದೇ ತಿಂಗಳು ದಕ್ಷಿಣದ ಇಬ್ಬರೂ ಕೂಡಿ ದಹೋಮಿ ಪ್ರಜಾಸತ್ತಾತ್ಮಕ ಪಕ್ಷವೆಂಬ ಇನ್ನೊಂದು ಹೊಸ ಪಕ್ಷವನ್ನು ಕಟ್ಟಿದರು. 1964ರ ಜನವರಿಯಲ್ಲಿ ಒಂದೇ ಪಟ್ಟಿಯ ಚುನಾವಣೆ ನಡೆದು ಆಪಿತಿ ರಾಷ್ಟ್ರಾಧ್ಯಕ್ಷರಾದರು, ಆಹೊಮಾದೆಗ್ಬೆ ಉಪಾಧ್ಯಕ್ಷರಾಗಿ ಸರ್ಕಾರದ ಮುಖ್ಯಸ್ಥರಾದರು. ಈ ಬಾರಿ ಹೊರಗುಳಿದ ಮೂರನೆಯವರು ಮಾಗಾ, ಗಲಭೆಯೆದ್ದ ಊರು ಪರಾಕು. ಪಕ್ಷದೊಳಗೆ ಅಧ್ಯಕ್ಷರಿಗೂ ಉಪಾಧ್ಯಕ್ಷರಿಗೂ ಹೊಂದಿಕೆಯಾಗದೆ ಆಡಳಿತ ನಿಂತ ನೀರಾಯಿತು. 1965ರ ನವೆಂಬರ್‌ನಲ್ಲಿ, ಆ ಪಕ್ಷಕ್ಕೂ ಎರಡು ವರ್ಷ ತುಂಬುವ ಮೊದಲೇ, ಸೊಗ್ಲೊ ಎರಡನೆಯ ಬಾರಿ ಬ್ಯಾರಕ್ಕಿನಿಂದ ಹೊರಬಂದರು.